ಗಾಯಾಳು ಆಟಗಾರ, 53 ಜಾಗ: ಎನ್‌ಎಫ್‌ಎಲ್ ತಂಡಗಳ ಲೆಕ್ಕಾಚಾರ

ಓದುಗರ ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಹತ್ತಿರ ಇದ್ದೇನೆ. ಆಫೀಸಿನವರು ಸೇರಿ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್) ಫ್ಯಾಂಟಸಿ ಲೀಗ್ ಆಡುತ್ತೇವೆ. 2024ರಲ್ಲಿ ನನ್ನ ಮೊದಲ ಪಿಕ್ ಇಲ್ಲಿನ ಫಾರ್ಟಿನೈನರ್ಸ್ ತಂಡದ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಕ್ರಿಶ್ಚಿಯನ್ ಮೆಕ್ಯಾಫ್ರಿ. ಮೊದಲ ಪಂದ್ಯ ಆಡ್ತಾನೆ ಅಂದರು, ಆಡಲಿಲ್ಲ. ಆಮೇಲೆ ‘ಐಆರ್’ ಅನ್ನೋ ಗಾಯಾಳುಗಳ ಪಟ್ಟಿಗೆ ಹಾಕಿದರು. ನವೆಂಬರ್‌ನಲ್ಲಿ ಬಂದ, ಡಿಸೆಂಬರ್‌ನಲ್ಲಿ ಮತ್ತೆ ಐಆರ್. ಗಾಯ ಆದ ತಕ್ಷಣ ಆ ಪಟ್ಟಿಗೆ ಹಾಕಿ ಬೇರೆಯವರನ್ನು ತಗೋಬಹುದಲ್ವಾ, ಯಾಕೆ ಸುಮ್ನೆ ಎಳೀತಾರೆ? ಮನೆಯಲ್ಲಿ ಕೂತವನಿಗೆ ಸಂಬಳ ಬರುತ್ತಾ? ವಾಪಸ್ ಬರೋದಕ್ಕೆ ಏನು ಲೆಕ್ಕ?

ಉತ್ತರ: ಮೊದಲು ನಿಮ್ಮ ಹೊಟ್ಟೆ ಉರಿ ನ್ಯಾಯವಾದದ್ದೇ ಅಂತ ಹೇಳಿಬಿಡುತ್ತೇನೆ. ಆ ವರ್ಷ ಮೆಕ್ಯಾಫ್ರಿ ಅವರನ್ನು ಮೊದಲು ಆರಿಸಿಕೊಂಡವರೆಲ್ಲ ಇದೇ ಪಾಡು ಪಟ್ಟರು.

ಈಗ ವಿಷಯಕ್ಕೆ ಬರೋಣ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಗಾಯ ಅಂದರೆ ಡಾಕ್ಟರು ನೋಡಿಕೊಳ್ಳುವ ವಿಷಯ ಅಂತ ಹೊರಗಿನವರಿಗೆ ಅನಿಸುತ್ತದೆ. ತಂಡದ ಒಳಗೆ ಅದು ಜಾಗದ ವಿಷಯ. ಡಾಕ್ಟರು ‘ಮೂರು ವಾರ ಬೇಕು’ ಅನ್ನುತ್ತಾರೆ. ಜನರಲ್ ಮ್ಯಾನೇಜರ್ ತಕ್ಷಣ ಯೋಚಿಸುವುದು ಬೇರೆ: ಈ ಮೂರು ವಾರ ಇವನಿಗಾಗಿ ಒಂದು ಜಾಗ ಖಾಲಿ ಇಟ್ಟುಕೊಳ್ಳಲಾ, ಇಲ್ಲ ಪಟ್ಟಿಗೆ ಹಾಕಿ ನಾಲ್ಕು ಪಂದ್ಯ ಕಳೆದುಕೊಳ್ಳಲಾ? ನಿಮಗೆ ಎಳೆದಾಟದ ಹಾಗೆ ಕಂಡದ್ದು ಈ ಲೆಕ್ಕವೇ.

ಜಾಗ ಎಷ್ಟು ಅಂತ ನೋಡಿ. ಸೀಸನ್ ನಡೆಯುವಾಗ ಒಂದು ತಂಡದ ಮುಖ್ಯ ರೋಸ್ಟರ್‌ನಲ್ಲಿ, ಅಂದರೆ ಆಟಗಾರರ ಪಟ್ಟಿಯಲ್ಲಿ, 53 ಜನ ಇರಬಹುದು, ಒಬ್ಬರೂ ಜಾಸ್ತಿ ಇಲ್ಲ. ಪಂದ್ಯದ ದಿನ ಜೆರ್ಸಿ ಹಾಕಿ ಕಣಕ್ಕೆ ಇಳಿಯುವವರು 48, ಅದೂ ಅವರಲ್ಲಿ ಎಂಟು ಜನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ಆಫೆನ್ಸಿವ್ ಲೈನ್‌ನವರಿದ್ದರೆ ಮಾತ್ರ. ಉಳಿದವರು ‘ಇನ್‌ಆಕ್ಟಿವ್’. ಪಂದ್ಯ ಶುರುವಾಗುವುದಕ್ಕೆ 90 ನಿಮಿಷ ಮೊದಲು ಅವರ ಹೆಸರು ಹೊರಗೆ ಬರುತ್ತದೆ. ಒಂದೆರಡು ವಾರದ ಸಣ್ಣ ಗಾಯದವರು ಕಾಲ ಕಳೆಯುವುದು ಇಲ್ಲೇ. ಅವರು 53ರ ಒಳಗೇ ಇರುತ್ತಾರೆ, ಸೈಡ್‌ಲೈನ್‌ನಲ್ಲಿ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ನಿಂತಿರುತ್ತಾರೆ.

ಇದರ ಜೊತೆಗೆ ಪ್ರಾಕ್ಟೀಸ್ ಸ್ಕ್ವಾಡ್ ಅಂತ ಇನ್ನೂ 16 ಜನರ ಗುಂಪು ಇದೆ, ಅಮೆರಿಕದ ಹೊರಗಿನಿಂದ ಬಂದವರಿಗೆ ಅಂತ ಮೇಲೆ ಒಂದು ಜಾಗವನ್ನೂ ಕೊಟ್ಟಿದ್ದಾರೆ. ಇವರು ವಾರವಿಡೀ ತಂಡದ ಜೊತೆ ಅಭ್ಯಾಸ ಮಾಡುತ್ತಾರೆ, ಭಾನುವಾರ ಆಡುವುದಿಲ್ಲ. ಗಾಯ ಜಾಸ್ತಿಯಾದರೆ ಒಂದು ಪಂದ್ಯಕ್ಕೆ ಇವರಲ್ಲಿ ಇಬ್ಬರನ್ನು ಮೇಲಕ್ಕೆ ಎತ್ತಿಕೊಳ್ಳಬಹುದು. ಪಂದ್ಯ ಮುಗಿದ ಮೇಲೆ ಅವರು ತಾವಾಗಿಯೇ ಕೆಳಗೆ ಹೋಗುತ್ತಾರೆ. ಆದರೆ ಒಬ್ಬನನ್ನೇ ಒಂದು ಸೀಸನ್‌ನಲ್ಲಿ ಮೂರು ಸಲಕ್ಕಿಂತ ಹೆಚ್ಚು ಹೀಗೆ ಎತ್ತುವಂತಿಲ್ಲ. ನಾಲ್ಕನೇ ಸಲ ಬೇಕಾದರೆ 53ರಲ್ಲಿ ಖಾಯಂ ಜಾಗ ಕೊಡಲೇಬೇಕು. ಅಂದರೆ ಇನ್ಯಾರದ್ದೋ ಜಾಗ ಹೋಗಬೇಕು. ಇನ್ನೊಂದು ಅಪಾಯವೂ ಇದೆ: ಪ್ರಾಕ್ಟೀಸ್ ಸ್ಕ್ವಾಡ್‌ನಲ್ಲಿ ಇರುವವನನ್ನು ಬೇರೆ ಯಾವ ತಂಡ ಬೇಕಾದರೂ ತನ್ನ 53ಕ್ಕೆ ಕರೆದುಕೊಂಡು ಹೋಗಬಹುದು. ನೀವು ಆರು ತಿಂಗಳು ತಿದ್ದಿ ತೀಡಿದ ಹುಡುಗ ಮಂಗಳವಾರ ಬೆಳಿಗ್ಗೆ ಪಕ್ಕದ ಊರಿನವರ ಪಾಲು.

ಹಾಗಾದರೆ ಐಆರ್ ಏನು? ಇಂಜುರ್ಡ್ ರಿಸರ್ವ್. ಈ ಪಟ್ಟಿಗೆ ಹಾಕಿದ ತಕ್ಷಣ ಆಟಗಾರ 53ರ ಲೆಕ್ಕದಿಂದ ಹೊರಗೆ. ಅವನ ಜಾಗಕ್ಕೆ ಬೇರೆಯವರನ್ನು ತರಬಹುದು. ಬೆಲೆ ಏನಪ್ಪಾ ಅಂದರೆ ಕನಿಷ್ಠ ನಾಲ್ಕು ಪಂದ್ಯ ಅವನು ಆಡುವಂತಿಲ್ಲ. ನಾಲ್ಕು ವಾರ ಅಲ್ಲ, ನಾಲ್ಕು ಪಂದ್ಯ. ನಡುವೆ ತಂಡಕ್ಕೆ ರಜೆಯ ವಾರ ಬಂದರೆ ಅದು ಲೆಕ್ಕಕ್ಕಿಲ್ಲ, ಐದು ವಾರ ಆಯಿತು. ಗಾಯ ಎರಡೇ ವಾರದಲ್ಲಿ ವಾಸಿಯಾಗಿ ಆಟಗಾರ ಕುಣಿದಾಡುತ್ತಿದ್ದರೂ ಕಾಯಲೇಬೇಕು.

ಮೆಕ್ಯಾಫ್ರಿ ಕತೆಯನ್ನು ಈ ಕಣ್ಣಿನಿಂದ ನೋಡಿ. 2024ರ ಸೆಪ್ಟೆಂಬರ್ 9, ಸೋಮವಾರ ರಾತ್ರಿ, ನಿಮ್ಮೂರಿನ ಲೀವೈಸ್ ಸ್ಟೇಡಿಯಂನಲ್ಲೇ ಜೆಟ್ಸ್ ವಿರುದ್ಧ ಮೊದಲ ಪಂದ್ಯ. ಮೀನಖಂಡ ಮತ್ತು ಹಿಮ್ಮಡಿ ಮೇಲಿನ ದಪ್ಪ ನರದ (ಅಕಿಲೀಸ್) ನೋವು. ಆಡುತ್ತಾರೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಪಂದ್ಯಕ್ಕೆ 90 ನಿಮಿಷ ಇರುವಾಗ ಇನ್‌ಆಕ್ಟಿವ್ ಪಟ್ಟಿಯಲ್ಲಿ ಹೆಸರು ಬಂತು. ಅವರ ಬದಲು ಓಡಿದ ಜಾರ್ಡನ್ ಮೇಸನ್ 147 ಗಜ ಓಡಿಬಿಟ್ಟರು. ಹೊರಗಿನಿಂದ ನೋಡಿದರೆ ಇದು ಅಭಿಮಾನಿಗಳ ಕಣ್ಣಿಗೆ ಮಣ್ಣೆರಚಿದ ಹಾಗೆ. ಒಳಗಿನ ಲೆಕ್ಕ ಬೇರೆ ಇರಬೇಕು ಅಂತ ನನಗನಿಸುತ್ತದೆ. ಸೀಸನ್ ಶುರುವಾಗುವ ಮೊದಲೇ ಐಆರ್‌ಗೆ ಹಾಕಿದ್ದರೆ ಅಕ್ಟೋಬರ್‌ವರೆಗೆ ಅವರು ಇಲ್ಲ ಅಂತ ಖಚಿತವಾಗಿಬಿಡುತ್ತಿತ್ತು. ಒಂದು ವಾರ ಜಾಗ ಖಾಲಿ ಇಟ್ಟುಕೊಂಡು ನೋಡಿದರೆ ಎರಡನೇ ವಾರ ಸಿಗಬಹುದು. ತಂಡದ ಅತಿ ಮುಖ್ಯ ಆಟಗಾರನಿಗೆ ಒಂದು ಜಾಗ ಒಂದು ವಾರ ಬಾಡಿಗೆಗೆ ಕೊಟ್ಟ ಹಾಗೆ. ನೋವು ಇಳಿಯಲಿಲ್ಲ. ಸೆಪ್ಟೆಂಬರ್ 14, ಶನಿವಾರ ಐಆರ್‌ಗೆ ಹಾಕಿದರು.

ಶನಿವಾರ ಯಾಕೆ ಅಂದರೆ, ಭಾನುವಾರದ ಪಂದ್ಯಕ್ಕೆ ರೋಸ್ಟರ್ ಬದಲಿಸಲು ಗಡುವು ಶನಿವಾರ ಸಂಜೆ ನಾಲ್ಕು ಗಂಟೆ, ನ್ಯೂಯಾರ್ಕ್ ಸಮಯ. ಭಾರತದಲ್ಲಿ ಆಗ ಭಾನುವಾರ ನಸುಕಿನ ಒಂದೂವರೆ. ಶನಿವಾರ ಮಧ್ಯಾಹ್ನ ಸುದ್ದಿಗಳು ಒಮ್ಮೆಲೇ ಸುರಿಯುವುದನ್ನು ನೀವು ಗಮನಿಸಿರಬಹುದು. ಕಾರಣ ಇದೇ. ಆ ಗಡುವಿನ ಒಳಗೆ ಹಾಕಿದರೆ ಆ ಭಾನುವಾರದ ಪಂದ್ಯವೂ ನಾಲ್ಕರಲ್ಲಿ ಒಂದಾಗಿ ಎಣಿಕೆಗೆ ಬರುತ್ತದೆ. ಹೇಗಿದ್ದರೂ ಆಡದ ಪಂದ್ಯವನ್ನು ಲೆಕ್ಕಕ್ಕೆ ತಗೊಂಡರೆ ಲಾಭ ತಾನೇ.

ಮೆಕ್ಯಾಫ್ರಿಗೆ ನಾಲ್ಕು ಪಂದ್ಯ ಸಾಕಾಗಲಿಲ್ಲ. ಮೊದಲ ಎಂಟು ಪಂದ್ಯ ತಪ್ಪಿತು. ನವೆಂಬರ್ 10ಕ್ಕೆ ಟ್ಯಾಂಪಾದಲ್ಲಿ ಮರಳಿದರು. ಡಿಸೆಂಬರ್ 1ರಂದು ಬಫಲೋದ ಹಿಮದಲ್ಲಿ ಮಂಡಿಯ ಲಿಗಮೆಂಟ್‌ಗೆ ಪೆಟ್ಟು, ಮತ್ತೆ ಐಆರ್. ಇಡೀ ಸೀಸನ್‌ಗೆ ಆಡಿದ್ದು ನಾಲ್ಕೇ ಪಂದ್ಯ. ಇದರಲ್ಲಿ ಯಾರ ಕುತಂತ್ರವೂ ಇಲ್ಲ, ಪಾಪ.

ಇದೇ ವಾರಗಳಲ್ಲಿ ಮಯಾಮಿ ಡಾಲ್ಫಿನ್ಸ್ ತಂಡ ಉಲ್ಟಾ ಮಾಡಿತು. ಸೆಪ್ಟೆಂಬರ್ 12ರ ಗುರುವಾರ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಟುವಾ ಟಾಂಗೊವೈಲೋವಾ ಅವರ ತಲೆಗೆ ಪೆಟ್ಟು ಬಿತ್ತು, ಕನ್ಕಷನ್. ತಲೆ ಪೆಟ್ಟಿನ ನಿಯಮದಲ್ಲಿ ಇಷ್ಟೇ ವಾರ ಅಂತ ಇಲ್ಲ. ಐದು ಹಂತ ದಾಟಬೇಕು, ಕೊನೆಗೆ ತಂಡಕ್ಕೆ ಸಂಬಂಧ ಇಲ್ಲದ ನರರೋಗ ತಜ್ಞರೊಬ್ಬರು ಒಪ್ಪಬೇಕು. ಎಷ್ಟೋ ಜನ ಮರುವಾರವೇ ಆಡುತ್ತಾರೆ. ಆದರೂ ಡಾಲ್ಫಿನ್ಸ್ ತಂಡದವರು ಕಾದು ನೋಡಲಿಲ್ಲ, ಐದೇ ದಿನದಲ್ಲಿ ಐಆರ್‌ಗೆ ಹಾಕಿಬಿಟ್ಟರು. ಸರಿಯಾಗಿ ನಾಲ್ಕು ಪಂದ್ಯ ಕಳೆದು ಅಕ್ಟೋಬರ್ 27ಕ್ಕೆ ಟುವಾ ಮರಳಿದರು. ಇದು ನನಗೆ ಇಷ್ಟವಾದ ನಿರ್ಧಾರ. 2022ರಲ್ಲಿ ಇದೇ ಆಟಗಾರ ಒಂದು ಭಾನುವಾರ ತಲೆ ಹೊಡೆಸಿಕೊಂಡು ಓಲಾಡಿ, ನಾಲ್ಕೇ ದಿನಕ್ಕೆ ಮತ್ತೆ ಆಡಿ, ಸ್ಟ್ರೆಚರ್‌ನಲ್ಲಿ ಹೊರಗೆ ಹೋಗಿದ್ದರು. ಆ ಮೇಲೆ ಲೀಗ್ ತನ್ನ ಕನ್ಕಷನ್ ನಿಯಮವನ್ನೇ ಬಿಗಿ ಮಾಡಿತು. ಐಆರ್‌ಗೆ ಹಾಕಿದರೆ ‘ಈ ವಾರ ಆಡ್ತೀಯಾ’ ಅಂತ ಕೇಳುವ ದಾರಿಯೇ ಮುಚ್ಚಿಹೋಗುತ್ತದೆ. ಕೋಚ್ ಕೇಳುವ ಹಾಗಿಲ್ಲ. ಆಟಗಾರನೂ ‘ನಾನು ಸರಿ ಇದ್ದೀನಿ’ ಅಂತ ಹಟ ಮಾಡುವ ಹಾಗಿಲ್ಲ.

ನಿಮ್ಮ ಮುಂದಿನ ಅನುಮಾನ ನನಗೆ ಗೊತ್ತು. ನಾಲ್ಕು ಪಂದ್ಯ ತಾನೇ, ಗಾಯ ಆದವರನ್ನೆಲ್ಲ ಐಆರ್‌ಗೆ ಕಳಿಸಿ ತಂಡ ತುಂಬಿಸಿಕೊಳ್ಳಬಹುದಲ್ವಾ? ಆಗಲ್ಲ. ಒಂದು ಸೀಸನ್‌ನಲ್ಲಿ ಐಆರ್‌ನಿಂದ ವಾಪಸ್ ಕರೆಸಿಕೊಳ್ಳಲು ಎಂಟೇ ಅವಕಾಶ. ಎಷ್ಟು ಜನರನ್ನು ಬೇಕಾದರೂ ಹಾಕಬಹುದು, ಮರಳುವ ಟಿಕೆಟ್ ಮಾತ್ರ ಎಂಟು. ಒಬ್ಬನನ್ನೇ ಎರಡು ಸಲ ಕರೆಸಿದರೆ ಎರಡು ಟಿಕೆಟ್ ಖರ್ಚು. ಪ್ಲೇಆಫ್ ತಲುಪಿದ ತಂಡಗಳಿಗೆ 2024ರಿಂದ ಇನ್ನೆರಡು ಕೊಡುತ್ತಿದ್ದಾರೆ. ಹಾಗಾಗಿ ಸೆಪ್ಟೆಂಬರ್‌ನಲ್ಲಿ ಎಂಟನೇ ಸಾಲಿನ ಆಟಗಾರನಿಗೆ ಟಿಕೆಟ್ ಹರಿದರೆ ಡಿಸೆಂಬರ್‌ನಲ್ಲಿ ಸ್ಟಾರ್ ಆಟಗಾರನಿಗೆ ಇರದೇ ಹೋಗಬಹುದು. ಜನರಲ್ ಮ್ಯಾನೇಜರ್‌ಗಳು ಇದನ್ನು ಜಿಪುಣರ ಹಾಗೆ ಎಣಿಸುತ್ತಾರೆ.

ಇಷ್ಟು ಕಟ್ಟುನಿಟ್ಟು ಯಾಕೆ? ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದನ್ನು ನಾವೆಲ್ಲ ನೋಡಿದ್ದೇವೆ, ತಂಡಗಳೂ ಅದನ್ನೇ ಮಾಡುತ್ತವೆ. ಬೆಳೆಯುತ್ತಿರುವ ಹುಡುಗನಿಗೆ 53ರಲ್ಲಿ ಜಾಗ ಇಲ್ಲ, ಬಿಟ್ಟರೆ ಬೇರೆ ತಂಡದವರು ಎತ್ತಿಕೊಳ್ಳುತ್ತಾರೆ. ಹಾಗಾಗಿ ಬೆನ್ನು ಹಿಡಿದಿದೆ, ತೊಡೆ ಎಳೆದಿದೆ ಅಂತ ಬರೆದು ಗಾಯಾಳುಗಳ ಪಟ್ಟಿಯಲ್ಲಿ ಬಚ್ಚಿಡುವುದು. ಹಣ ಇರುವ, ಡಾಕ್ಟರುಗಳು ಕೈಯಲ್ಲಿರುವ ತಂಡ ಹೀಗೆ ಎಪ್ಪತ್ತು ಜನರನ್ನು ಸಾಕಬಹುದು, ಬಡಪಾಯಿ ತಂಡಕ್ಕೆ ಉಳಿದವರು ಸಿಗಬೇಕು. ಇದನ್ನು ತಡೆಯಲಿಕ್ಕೆ ಲೀಗ್ ಮೊದಲು ತೀರಾ ಬಿಗಿ ಮಾಡಿತ್ತು: 2011ರವರೆಗೆ ಐಆರ್‌ಗೆ ಹೋದರೆ ಆ ಸೀಸನ್ ಮುಗಿದ ಹಾಗೆಯೇ. 2012ರಲ್ಲಿ ಒಬ್ಬನಿಗೆ ಮಾತ್ರ ವಾಪಸ್ ಬರಲು ಬಿಟ್ಟರು. 2017ರಲ್ಲಿ ಇಬ್ಬರಿಗೆ. 2020ರಲ್ಲಿ ಕೊರೋನಾ ಬಂದಾಗ ಎಲ್ಲ ಬಾಗಿಲೂ ತೆರೆದು, ಮೂರು ವಾರ ಕಳೆದರೆ ಎಷ್ಟು ಜನ ಬೇಕಾದರೂ ಬರಲಿ ಅಂದರು. ಕೋಚ್‌ಗಳಿಗೆ ಅದು ರುಚಿ ಹತ್ತಿತು. 2022ರಲ್ಲಿ ಈಗಿನ ನಿಯಮಕ್ಕೆ ಬಂದು ನಿಂತರು, ನಾಲ್ಕು ಪಂದ್ಯ, ಎಂಟು ಜನ.

ಹಳೇ ನಿಯಮ ಎಷ್ಟು ಕಠಿಣ ಅಂತ ಅರ್ಥ ಆಗಬೇಕಾದರೆ ಐಪಿಎಲ್ ನೆನಪಿಸಿಕೊಳ್ಳಿ. 2025ರಲ್ಲಿ ನಮ್ಮ ಆರ್‌ಸಿಬಿಯ ದೇವದತ್ತ ಪಡಿಕ್ಕಲ್‌ಗೆ ಹ್ಯಾಮ್‌ಸ್ಟ್ರಿಂಗ್ ಗಾಯವಾಗಿ, ಬದಲಿಗೆ ಮಯಾಂಕ್ ಅಗರ್ವಾಲ್ ಬಂದರು. ಬದಲಿ ಆಟಗಾರ ಬಂದ ಮೇಲೆ ಪಡಿಕ್ಕಲ್‌ಗೆ ಆ ಸೀಸನ್‌ಗೆ ಬಾಗಿಲು ಮುಚ್ಚಿತು. ಕಪ್ ಗೆದ್ದ ಫೈನಲ್‌ಗೆ ಗಾಯ ಮಾಯ್ದಿದ್ದರೂ ಆಡುವ ಹಾಗಿರಲಿಲ್ಲ. ಎನ್‌ಎಫ್‌ಎಲ್ 2011ರವರೆಗೆ ಇದ್ದದ್ದು ಹೆಚ್ಚುಕಡಿಮೆ ಹೀಗೆಯೇ. ವ್ಯತ್ಯಾಸ ಏನೆಂದರೆ ಐಪಿಎಲ್ ಎರಡು ತಿಂಗಳಲ್ಲಿ ಮುಗಿಯುತ್ತದೆ, ಇವರದು ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗೆ, ಮತ್ತು ಆಟವೇ ಗುದ್ದಾಟ.

ಇನ್ನು ವಾಪಸ್ ಬರುವ ದಾರಿ. ಇದರಲ್ಲಿ ಒಂದು ಸಣ್ಣ ಗಡಿಯಾರ ಇದೆ, ನಿಮ್ಮಂಥ ಫ್ಯಾಂಟಸಿ ಆಡುವವರು ಸರಿಯಾಗಿ ತಿಳಿದುಕೊಳ್ಳಬೇಕಾದದ್ದು. ನಾಲ್ಕು ಪಂದ್ಯ ಆದ ಮೇಲೆ ತಂಡ ‘ಇವನನ್ನು ಮರಳಿಸುತ್ತಿದ್ದೇವೆ’ ಅಂತ ಘೋಷಿಸಬಹುದು. ಆ ದಿನದಿಂದ 21 ದಿನ ಅವನು ತಂಡದ ಜೊತೆ ಅಭ್ಯಾಸ ಮಾಡಬಹುದು, 53ರ ಲೆಕ್ಕಕ್ಕೆ ಬರುವುದಿಲ್ಲ. ಅಷ್ಟರೊಳಗೆ 53ಕ್ಕೆ ಸೇರಿಸಬೇಕು. ಸೇರಿಸದೇ ಇದ್ದರೆ ಆ ಸೀಸನ್‌ಗೆ ಅಲ್ಲಿಗೆ ಮುಗಿಯಿತು.

ಈ ಗಡಿಯಾರವನ್ನು ಅತಿ ಹತ್ತಿರದಿಂದ ತೋರಿಸಿದ್ದು ಕ್ವಾರ್ಟರ್‌ಬ್ಯಾಕ್ ಆರನ್ ರಾಡ್ಜರ್ಸ್. 2023ರ ಸೆಪ್ಟೆಂಬರ್ 11, ಜೆಟ್ಸ್ ಪರ ಮೊದಲ ಪಂದ್ಯ, ನಾಲ್ಕನೇ ಸ್ನ್ಯಾಪ್‌ಗೇ (ಚೆಂಡು ಕೊಟ್ಟು ಆಟ ಶುರುವಾಗುವ ನಾಲ್ಕನೇ ಸಲಕ್ಕೇ) ಅಕಿಲೀಸ್ ಹರಿಯಿತು. ಸಾಮಾನ್ಯವಾಗಿ ಇದು ವರ್ಷದ ಕೆಲಸ. ಇವರು ನವೆಂಬರ್ 29ಕ್ಕೇ ಅಭ್ಯಾಸಕ್ಕೆ ಇಳಿದರು, ಗಡಿಯಾರ ಶುರು. 21 ದಿನ ಅಂದರೆ ಡಿಸೆಂಬರ್ 20. ನಡುವೆ ಡಿಸೆಂಬರ್ 17ಕ್ಕೆ ತಂಡ ಮಯಾಮಿಯಲ್ಲಿ 30-0 ಸೋತು ಪ್ಲೇಆಫ್ ಆಸೆಯೇ ಹೋಯಿತು. ಆಡಿಸುವ ಅರ್ಥವಿಲ್ಲ. ಐಆರ್‌ನಲ್ಲೇ ಬಿಟ್ಟಿದ್ದರೆ ಅಭ್ಯಾಸವೂ ನಿಲ್ಲುತ್ತಿತ್ತು. ಜೆಟ್ಸ್ ಏನು ಮಾಡಿದರು? 20ನೇ ತಾರೀಖು ಅವರನ್ನು 53ಕ್ಕೆ ಸೇರಿಸಿದರು, ಬರೀ ಅಭ್ಯಾಸ ಮುಂದುವರಿಸಲಿ ಅಂತ. ಜಾಗ ಮಾಡಲು ನಿಕ್ ಬಾಡನ್ ಅನ್ನುವ ಫುಲ್‌ಬ್ಯಾಕ್‌ನನ್ನು ಕೈಬಿಟ್ಟರು. ರಾಡ್ಜರ್ಸ್ ಅವರೇ ಆಮೇಲೆ, ಇನ್ನೊಬ್ಬರ ಕೆಲಸ ಹೋಗುವುದಾದರೆ ನನಗೆ ಅಭ್ಯಾಸ ಬೇಡ ಅಂದಿದ್ದೆ ಅನ್ನುವ ಅರ್ಥದಲ್ಲಿ ಮಾತಾಡಿದರು. ಆಡದ ಕ್ವಾರ್ಟರ್‌ಬ್ಯಾಕ್ ಒಬ್ಬ ಬಂದ, ಆಡುತ್ತಿದ್ದವನೊಬ್ಬ ಹೋದ. ಐಆರ್‌ನಿಂದ ಯಾರೋ ಮರಳಿದರು ಅಂತ ನೀವು ಖುಷಿಪಡುವ ಪ್ರತಿ ಸಲವೂ ಅದೇ ಸುದ್ದಿಯ ಎರಡನೇ ಸಾಲಿನಲ್ಲಿ ಒಂದು ಹೆಸರು ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ.

ಸೀಸನ್ ಶುರುವಿನಲ್ಲಿ ನಡೆಯುವ ಒಂದು ಆಟ ಹೇಳದೆ ಮುಂದೆ ಹೋದರೆ ನನಗೆ ಸಮಾಧಾನ ಇಲ್ಲ. ಬೇಸಿಗೆಯಲ್ಲಿ ತಂಡಕ್ಕೆ 90 ಜನ ಇರುತ್ತಾರೆ. ಆಗಸ್ಟ್ ಕೊನೆಯಲ್ಲಿ ಒಂದೇ ದಿನ, ಒಂದೇ ಗಡುವಿಗೆ 53ಕ್ಕೆ ಇಳಿಸಬೇಕು. 32 ತಂಡ, ತಂಡಕ್ಕೆ 37 ಜನ, ಸಾವಿರಕ್ಕೂ ಜಾಸ್ತಿ ಹುಡುಗರು ಒಂದೇ ಸಂಜೆ ಬೀದಿಗೆ. 2023ರವರೆಗೆ ನಿಯಮ ಹೀಗಿತ್ತು: ಗಾಯಾಳು ಈ ಗಡುವಿಗೆ ಮುಂಚೆ ಐಆರ್‌ಗೆ ಹೋದರೆ ಆ ವರ್ಷ ವಾಪಸ್ ಇಲ್ಲ. ಅಕ್ಟೋಬರ್‌ಗೆ ಬೇಕಾದರೆ ಆ ಸಂಜೆ 53ರ ಒಳಗೆ ಅವನನ್ನು ಇಟ್ಟುಕೊಂಡು, ಮರುದಿನ ಐಆರ್‌ಗೆ ಹಾಕಬೇಕು. ಆದರೆ ಆ ಒಂದು ರಾತ್ರಿಗೆ ಜಾಗ ಎಲ್ಲಿಂದ ತರುವುದು?

ತಂಡಗಳು ರಂಗೋಲಿ ಕೆಳಗೆ ನುಸುಳುವುದು ಇಲ್ಲಿ. ನಾಲ್ಕು ಸೀಸನ್ ಪೂರೈಸಿದ ಹಳೇ ಆಟಗಾರನನ್ನು ಕೈಬಿಟ್ಟರೆ, ನವೆಂಬರ್ ಹೊತ್ತಿಗೆ ಬರುವ ಟ್ರೇಡ್ (ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ) ಗಡುವಿನವರೆಗೆ ಅವನು ‘ವೇವರ್’ಗೆ ಹೋಗುವುದಿಲ್ಲ, ಸೀದಾ ಸ್ವತಂತ್ರ. ಹೊಸ ಹುಡುಗರನ್ನು ಬಿಟ್ಟರೆ ಮಾತ್ರ ಬೇರೆ ತಂಡಗಳು ಸರದಿ ಪ್ರಕಾರ ಎಗರಿಸಿಕೊಳ್ಳಬಹುದು. ಹಾಗಾಗಿ ಹಳಬನೊಬ್ಬನನ್ನು ಕರೆದು, ‘ಇವತ್ತು ನಿನ್ನನ್ನು ಬಿಡ್ತೀವಿ, ನಾಳೆ ಮಧ್ಯಾಹ್ನ ಮತ್ತೆ ಸಹಿ ಮಾಡಿಸ್ಕೋತೀವಿ, ಎಲ್ಲೂ ಹೋಗ್ಬೇಡ’ ಅನ್ನುತ್ತಾರೆ. ಪತ್ರ ಇಲ್ಲ, ಬರೀ ಬಾಯಿಮಾತು. ರಾತ್ರಿ ಹಳಬ ನಿರುದ್ಯೋಗಿ. ಮರುದಿನ ಗಾಯಾಳು ಐಆರ್‌ಗೆ, ಹಳಬ ವಾಪಸ್. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕೆಲವು ತಂಡ ಇನ್ನೂ ಸ್ವಲ್ಪ ಎಳೆದು, ಮೊದಲ ವಾರ ಆದ ಮೇಲೆಯೇ ಸಹಿ ಮಾಡಿಸಿಕೊಳ್ಳುತ್ತವೆ, ಯಾಕೆಂದರೆ ಮೊದಲ ಪಂದ್ಯದ ದಿನ ರೋಸ್ಟರ್‌ನಲ್ಲಿದ್ದ ಹಳೇ ಆಟಗಾರನಿಗೆ ಇಡೀ ವರ್ಷದ ಸಂಬಳಕ್ಕೆ ಒಂದು ರಕ್ಷಣೆ ಸಿಗುತ್ತದೆ. 2024ರಲ್ಲಿ ಲೀಗ್ ಈ ನಾಟಕ ನೋಡಿ ಸಾಕಾಗಿ, ಗಡುವಿನ ದಿನವೇ ಇಬ್ಬರನ್ನು ವಾಪಸಾತಿ ಟಿಕೆಟ್ ಸಮೇತ ಐಆರ್‌ಗೆ ಹಾಕಲು ಬಿಟ್ಟಿತು. ಆ ಎರಡೂ ಎಂಟರಲ್ಲೇ ಕಡಿತ. ಮೂರನೇ ಗಾಯಾಳು ಇದ್ದರೆ? ನಾಟಕ ಈಗಲೂ ನಡೆಯುತ್ತದೆ.

ಐಆರ್ ಬಿಟ್ಟು ಇನ್ನೆರಡು ಪಟ್ಟಿ ಇವೆ, ಬೇಗ ಹೇಳಿ ಮುಗಿಸುತ್ತೇನೆ. ಹಿಂದಿನ ಸೀಸನ್‌ನ ಗಾಯ ಇನ್ನೂ ಮಾಯದೆ ಬಂದವರಿಗೆ ‘ಪಪ್’ ಪಟ್ಟಿ. ಇದರಲ್ಲೂ ಮೊದಲ ನಾಲ್ಕು ಪಂದ್ಯ ಇಲ್ಲ. ಕ್ಲೀವ್‌ಲ್ಯಾಂಡ್‌ನ ನಿಕ್ ಚಬ್ 2023ರ ಸೆಪ್ಟೆಂಬರ್‌ನಲ್ಲಿ ಮಂಡಿ ಮುರಿದುಕೊಂಡವರು, 2024ರ ಸೀಸನ್ ಈ ಪಟ್ಟಿಯಲ್ಲೇ ಶುರು ಮಾಡಿ ಅಕ್ಟೋಬರ್ 20ಕ್ಕೆ ಮರಳಿದರು. ಇದರಲ್ಲಿ ಒಂದು ಮುಳ್ಳು: ಆಟಗಾರ ಬೇಸಿಗೆ ಕ್ಯಾಂಪ್‌ನಲ್ಲಿ ಒಂದೇ ಒಂದು ದಿನ ಅಭ್ಯಾಸಕ್ಕೆ ಇಳಿದರೂ ಪಪ್ ಅವಕಾಶ ಹೋಯಿತು. ಹಾಗಾಗಿ ಕ್ಯಾಂಪ್ ಮೊದಲ ದಿನ ಯಾರೋ ದೊಡ್ಡ ಆಟಗಾರ ‘ಪಪ್‌ನಲ್ಲಿ’ ಅಂತ ಕೇಳಿ ಗಾಬರಿ ಆಗಬೇಡಿ, ಅನೇಕ ಸಲ ಅದು ಮುಂಜಾಗ್ರತೆ ಅಷ್ಟೇ.

ಇನ್ನೊಂದು, ತಂಡದ ಕೆಲಸದ ಹೊರಗೆ ಆದ ಗಾಯದ ಪಟ್ಟಿ. ಆಟಗಾರರು ಹೆದರುವುದು ಇದಕ್ಕೆ, ಯಾಕೆಂದರೆ ಇಲ್ಲಿ ತಂಡ ಸಂಬಳ ಕೊಡಲೇಬೇಕು ಅಂತಿಲ್ಲ. 2021ರ ಮೇ ತಿಂಗಳಲ್ಲಿ ಡೆನ್ವರ್‌ನ ಜಾವಾನ್ ಜೇಮ್ಸ್ ತಂಡದ ಜಾಗ ಬಿಟ್ಟು ಬೇರೆ ಕಡೆ ವ್ಯಾಯಾಮ ಮಾಡುವಾಗ ಅಕಿಲೀಸ್ ಹರಿದುಕೊಂಡರು. ಆ ವರ್ಷ ಬರಬೇಕಿದ್ದ ಸುಮಾರು 1 ಕೋಟಿ ಡಾಲರ್ ಸಂಬಳ ಗಾಳಿಗೆ ಹೋಯಿತು. ತಂಡ ಅವರನ್ನು ಕೈಬಿಟ್ಟಿತು, ಅವರು ದೂರು ಕೊಟ್ಟರು. ವ್ಯಾಯಾಮ ಮಾಡಿದ್ದು ಫುಟ್‌ಬಾಲಿಗಾಗಿಯೇ, ಆದರೆ ಮಾಡಿದ ಜಾಗ ಬೇರೆ. ಎಷ್ಟು ದುಬಾರಿ ಗೇಟು ನೋಡಿ.

ಸಂಬಳದ ಪ್ರಶ್ನೆಗೆ ಬಂದೆ. ಸ್ಟಾರ್‌ಗಳಿಗೆ ಐಆರ್‌ನಲ್ಲಿ ಪೂರ್ತಿ ಸಂಬಳ ಬರುತ್ತದೆ, ವಾರ ವಾರ, ಆಡಿದಾಗ ಬಂದ ಹಾಗೇ. ಮೆಕ್ಯಾಫ್ರಿ ಬಗ್ಗೆ ಚಿಂತೆ ಬೇಡ. ತಂಡಕ್ಕೆ ಉರಿಯುವುದು ಇಲ್ಲಿ: ಐಆರ್‌ಗೆ ಹೋದವನು 53ರ ಲೆಕ್ಕದಿಂದ ಹೊರಗೆ ಹೋಗುತ್ತಾನೆ, ಸಂಬಳದ ಮಿತಿಯ ಲೆಕ್ಕದಿಂದ ಹೋಗುವುದಿಲ್ಲ. 2025ಕ್ಕೆ ಆ ಮಿತಿ ತಂಡಕ್ಕೆ 27.92 ಕೋಟಿ ಡಾಲರ್. ಗಾಯಾಳುವಿನ ಸಂಬಳ, ಬದಲಿಗೆ ಬಂದವನ ಸಂಬಳ ಎರಡೂ ಅದರೊಳಗೇ ಕೂರಬೇಕು. ಅದಕ್ಕೇ ಬದಲಿಗೆ ಬರುವವರು ಬಹುತೇಕ ಕನಿಷ್ಠ ಸಂಬಳದವರು. ಅಕ್ಟೋಬರ್‌ನಲ್ಲಿ ಇನ್ನೊಬ್ಬ ಸ್ಟಾರ್‌ನನ್ನು ಕೊಂಡುಕೊಳ್ಳಲಿ ಅಂತ ನಾವು ಸೋಫಾದಲ್ಲಿ ಕೂತು ಹೇಳುವುದು ಸುಲಭ.

ಕೆಳಗಿನವರ ಕತೆ ಬೇರೆ. 2025ರಲ್ಲಿ ಹೊಸಬನ ಕನಿಷ್ಠ ಸಂಬಳ 8,40,000 ಡಾಲರ್, ಅದನ್ನು 18 ವಾರಕ್ಕೆ ಹಂಚಿ ಕೊಡುತ್ತಾರೆ. ಪ್ರಾಕ್ಟೀಸ್ ಸ್ಕ್ವಾಡ್‌ನಲ್ಲಿ ವಾರಕ್ಕೆ ಕನಿಷ್ಠ 13,000. ನಮ್ಮ ಲೆಕ್ಕಕ್ಕೆ ದೊಡ್ಡ ಹಣವೇ, ಆದರೆ ಇವರಲ್ಲಿ ಬಹಳಷ್ಟು ಜನರ ವೃತ್ತಿ ಎರಡು ಮೂರು ವರ್ಷಕ್ಕೆ ಮುಗಿಯುತ್ತದೆ. ಇವರ ಒಪ್ಪಂದದಲ್ಲಿ ಸಾಮಾನ್ಯವಾಗಿ ‘ಸ್ಪ್ಲಿಟ್’ ಅಂತ ಒಂದು ಸಾಲು ಇರುತ್ತದೆ: ರೋಸ್ಟರ್‌ನಲ್ಲಿದ್ದರೆ ಒಂದು ಸಂಬಳ, ಐಆರ್‌ಗೆ ಹೋದರೆ ಅದಕ್ಕಿಂತ ತೀರಾ ಕಡಿಮೆ ಸಂಬಳ. ಮೈದಾನದಲ್ಲಿ, ತಂಡಕ್ಕಾಗಿ ಆಡುವಾಗಲೇ ಕಾಲು ಮುರಿದರೂ ಸರಿ. ಈ ಸಾಲು ನನಗೆ ಯಾವತ್ತೂ ಸರಿ ಅನಿಸಿಲ್ಲ.

ಬೇಸಿಗೆಯಲ್ಲಿ ಇನ್ನೂ ಒಂದು ಹೆಜ್ಜೆ ಇದೆ. ನಾಲ್ಕು ಸೀಸನ್ ಪೂರೈಸದ ಹುಡುಗ ಆಗಸ್ಟ್‌ನಲ್ಲಿ ಗಾಯಗೊಂಡರೆ ಅವನನ್ನು ಮೊದಲು ‘ಗಾಯಾಳು’ ಅಂತ ಬರೆದು ವೇವರ್‌ಗೆ ಬಿಡುತ್ತಾರೆ. ಯಾರಾದರೂ ಎತ್ತಿಕೊಳ್ಳಬಹುದು, ಮುರಿದ ಕಾಲಿನವನನ್ನು ಯಾರು ಎತ್ತಿಕೊಳ್ಳುತ್ತಾರೆ? ಹಾಗಾಗಿ ತಿರುಗಿ ಹಳೇ ತಂಡದ ಐಆರ್‌ಗೇ ಬರುತ್ತಾನೆ. ಆಮೇಲೆ ಎರಡು ಕಡೆಯವರೂ ಕೂತು, ಗಾಯ ಮಾಯಲು ಎಷ್ಟು ವಾರ ಅಂತ ಚೌಕಾಶಿ ಮಾಡಿ, ಅಷ್ಟು ವಾರದ ಹಣ ಕೊಟ್ಟು ಕಳಿಸಿಬಿಡುವುದುಂಟು. ‘ಇಂಜುರಿ ಸೆಟಲ್‌ಮೆಂಟ್’ ಅನ್ನುತ್ತಾರೆ. ಹುಡುಗನಿಗೂ ಇದರಲ್ಲಿ ಒಂದು ಆಸೆ ಇರುತ್ತದೆ: ಐಆರ್‌ನಲ್ಲಿ ವರ್ಷ ಕೂರುವುದಕ್ಕಿಂತ ಆರು ವಾರದಲ್ಲಿ ವಾಸಿ ಮಾಡಿಕೊಂಡು ಬೇರೆ ತಂಡದ ಬಾಗಿಲು ತಟ್ಟಬಹುದು. ಗಾಯ ಮಾಯದೇ ಇದ್ದರೆ ಮಾತ್ರ ಕೈಯಲ್ಲಿ ಏನೂ ಇಲ್ಲ.

ಕ್ವಾರ್ಟರ್‌ಬ್ಯಾಕ್ ವಿಷಯದಲ್ಲಿ ಲೀಗ್ ಜಾಗದ ನಿಯಮವನ್ನೇ ಬಗ್ಗಿಸಿದ್ದು ನಿಮ್ಮ ತಂಡದಿಂದಲೇ. 2023ರ ಜನವರಿ 29, ಫಿಲಡೆಲ್ಫಿಯಾದಲ್ಲಿ ಸೂಪರ್ ಬೌಲ್‌ಗೆ, ಅಂದರೆ ಲೀಗ್‌ನ ಫೈನಲ್‌ಗೆ, ಹೋಗುವ ಪಂದ್ಯ. ಶುರುವಿನಲ್ಲೇ ಬ್ರಾಕ್ ಪರ್ಡಿ ಮೊಣಕೈ ಲಿಗಮೆಂಟ್ ಹರಿಯಿತು. ಬದಲಿಗೆ ಬಂದ ಜಾಶ್ ಜಾನ್ಸನ್ ತಲೆಗೆ ಪೆಟ್ಟಾಗಿ ಹೊರಗೆ. ಮೂರನೆಯವರು ಇಲ್ಲ. ಚೆಂಡು ಎಸೆಯಲಾಗದ ಪರ್ಡಿಯೇ ಮತ್ತೆ ಬಂದು, ರನ್ನಿಂಗ್ ಬ್ಯಾಕ್ ಕೈಗೆ ಚೆಂಡು ಕೊಟ್ಟುಕೊಂಡು ನಿಂತರು. 31-7ಕ್ಕೆ ಸೋಲು. ಇಷ್ಟು ದೊಡ್ಡ ಪಂದ್ಯ ಹೀಗೆ ಹಾಳಾದದ್ದು ಟಿವಿಯವರಿಗೂ ಮಾಲೀಕರಿಗೂ ಹಿಡಿಸಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ, ಪಂದ್ಯದ ದಿನದ 48ರ ಲೆಕ್ಕಕ್ಕೆ ಬಾರದ ಹಾಗೆ ಮೂರನೇ ಕ್ವಾರ್ಟರ್‌ಬ್ಯಾಕ್ ಒಬ್ಬರನ್ನು ತುರ್ತಿಗೆ ಇಟ್ಟುಕೊಳ್ಳಬಹುದು ಅಂತ ನಿಯಮ ತಂದರು. ಇಂಥದ್ದೇ ನಿಯಮ ಮೊದಲೂ ಇತ್ತು, 2010ರ ಆಸುಪಾಸಿನಲ್ಲಿ ತೆಗೆದುಹಾಕಿದ್ದರು.

ಕೊನೆಗೆ ನಿಮ್ಮ ಫ್ಯಾಂಟಸಿ ತಂಡಕ್ಕೆ ಕೆಲಸಕ್ಕೆ ಬರುವ ಮಾತು. ತಂಡಗಳು ವಾರದಲ್ಲಿ ಮೂರು ದಿನ ಗಾಯದ ವರದಿ ಕೊಡಲೇಬೇಕು: ಯಾರು ಅಭ್ಯಾಸ ಮಾಡಲಿಲ್ಲ, ಯಾರು ಅರ್ಧಂಬರ್ಧ ಮಾಡಿದರು, ಯಾರು ಪೂರ್ತಿ ಮಾಡಿದರು. ಭಾನುವಾರದ ಪಂದ್ಯಕ್ಕೆ ಬುಧವಾರದಿಂದ ಶುಕ್ರವಾರ. ಸೋಮವಾರ ರಾತ್ರಿಯ ಪಂದ್ಯಕ್ಕೆ ಒಂದು ದಿನ ಮುಂದಕ್ಕೆ ಹೋಗುತ್ತದೆ, ಗುರುವಾರದಿಂದ ಶನಿವಾರ. ಬೆಟ್ಟಿಂಗ್ ಇರುವುದರಿಂದ ಇದರಲ್ಲಿ ಕಳ್ಳಾಟ ಆಡಿದರೆ ದಂಡ. 2023ರಲ್ಲಿ ಅಟ್ಲಾಂಟಾ ತಂಡ ಬಿಜಾನ್ ರಾಬಿನ್ಸನ್ ಅವರ ತಲೆನೋವನ್ನು ವರದಿಯಲ್ಲಿ ಹಾಕದೆ ಅವರನ್ನು ಪಂದ್ಯದಲ್ಲಿ ಬಹುತೇಕ ಕೂರಿಸಿತು. ತಂಡಕ್ಕೆ 75,000 ಡಾಲರ್, ಕೋಚ್ ಆರ್ಥರ್ ಸ್ಮಿತ್‌ಗೆ 25,000 ಡಾಲರ್ ದಂಡ ಬಿತ್ತು.

ನಾನು ನೋಡುವುದು ಕೊನೆಯ ದಿನದ ಅಭ್ಯಾಸದ ಸಾಲನ್ನು. ಕೋಚ್ ಮೈಕ್ ಮುಂದೆ ಏನು ಹೇಳಿದರು ಅನ್ನುವುದಕ್ಕೆ ಅಷ್ಟು ಬೆಲೆ ಕೊಡುವುದಿಲ್ಲ. ಮೊದಲ ದಿನ ಅರ್ಧ, ಕೊನೆ ದಿನ ಪೂರ್ತಿ ಅಂದರೆ ಬಹುತೇಕ ಆಡುತ್ತಾರೆ. ಮೊದಲ ದಿನ ಪೂರ್ತಿ, ಕೊನೆ ದಿನ ಇಲ್ಲ ಅಂದರೆ ಏನೋ ಎಡವಟ್ಟಾಗಿದೆ. ಶನಿವಾರ ನಾಲ್ಕು ಗಂಟೆ ಗಡುವಿಗೆ ಅದೇ ಸ್ಥಾನದ ಆಟಗಾರನನ್ನು ಪ್ರಾಕ್ಟೀಸ್ ಸ್ಕ್ವಾಡ್‌ನಿಂದ ಮೇಲೆತ್ತಿದರೆ ನಿಮ್ಮ ಸ್ಟಾರ್ ಬಗ್ಗೆ ಅನುಮಾನ ಇಟ್ಟುಕೊಳ್ಳಿ. ‘21 ದಿನದ ಕಿಟಕಿ ತೆರೆಯಿತು’ ಅಂತ ಸುದ್ದಿ ಬಂದ ಮಾತ್ರಕ್ಕೆ ಆ ವಾರವೇ ಆಡಿಸಿಬಿಡಬೇಡಿ, ಎಷ್ಟೋ ಜನ ಮೂರು ವಾರವನ್ನೂ ಪೂರ್ತಿ ತಗೊಳ್ಳುತ್ತಾರೆ. ಪಂದ್ಯ ಸೋಮವಾರ ರಾತ್ರಿ ಇದ್ದು, ಆಟಗಾರ ವರದಿಯಲ್ಲಿ ‘ಕ್ವೆಶ್ಚನಬಲ್’ (ಆಡುವುದು ಅನುಮಾನ) ಆಗಿದ್ದರೆ, ಅವನ ಬದಲಿಗೆ ಓಡುವವನನ್ನೂ ನಿಮ್ಮ ಬೆಂಚ್ ಮೇಲೆ ಇಟ್ಟುಕೊಳ್ಳಿ. 2024ರ ಸೆಪ್ಟೆಂಬರ್ 9ಕ್ಕೆ ಜಾರ್ಡನ್ ಮೇಸನ್ ಅನೇಕ ಲೀಗ್‌ಗಳಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದರು.